ಹೊಸ ಮಾನಿಟರ್, ಮಬ್ಬು ಅಕ್ಷರ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಹೊಸ ಅಗಲ ಪರದೆಯ ಮಾನಿಟರ್ ತಂದು ಜೋಡಿಸಿದ್ದೀರಿ. ಆನ್ ಮಾಡಿದರೆ ಅಕ್ಷರಗಳೆಲ್ಲ ಮಬ್ಬು. ಫೋಟೋದಲ್ಲಿರುವವರ ಮುಖ ಊದಿಕೊಂಡ ಹಾಗಿದೆ. ಕಪ್ಪು ಇರಬೇಕಾದ ಕಡೆ ಬೂದಿ ಬಣ್ಣ. ಹಳೆಯದೇ ವಾಸಿ ಇತ್ತಲ್ಲ ಅನ್ನಿಸುತ್ತದೆ. ವಾಪಸ್ ಡಬ್ಬಕ್ಕೆ ತುಂಬುವ ಮುಂಚೆ ಒಂದು ನಿಮಿಷ ತಡೆಯಿರಿ. ಮಾನಿಟರ್‌ನ ಅಂಚಿನಲ್ಲೋ ಹಿಂಭಾಗದಲ್ಲೋ ಇರುವ ಗುಂಡಿ ಒತ್ತಿ ಅದರ ಸ್ವಂತ ಮೆನು ತೆರೆಯಿರಿ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ಅಂತೆಲ್ಲ ಬರುತ್ತದಲ್ಲ, ಅದೇ. ಈಗ ಆ ಮೆನುವಿನ ಅಕ್ಷರಗಳನ್ನು ಹತ್ತಿರದಿಂದ ನೋಡಿ.

ಅವು ಸ್ಪಷ್ಟವಾಗಿದ್ದು, ಹಿಂದಿರುವ ಡೆಸ್ಕ್‌ಟಾಪಿನ ಅಕ್ಷರಗಳು ಮಾತ್ರ ಮಬ್ಬಾಗಿದ್ದರೆ ನಿಮ್ಮ ಪರದೆ ಚೆನ್ನಾಗಿಯೇ ಇದೆ. ಯಾಕೆಂದರೆ ಆ ಮೆನು ಕಂಪ್ಯೂಟರ್‌ನಿಂದ ಬರುವುದಿಲ್ಲ. ಮಾನಿಟರ್ ಒಳಗಿನ ಚಿಪ್ಪೇ ಅದನ್ನು ಬರೆಯುತ್ತದೆ. ಕೇಬಲ್, ಗ್ರಾಫಿಕ್ಸ್ ಕಾರ್ಡ್, ವಿಂಡೋಸ್, ಯಾವುದೂ ಅದನ್ನು ಮುಟ್ಟಿರುವುದಿಲ್ಲ. ಕೆಲವು ಮಾನಿಟರ್‌ಗಳಲ್ಲಿ ಮೆನುವಿನ ಅಕ್ಷರ ಒರಟಾಗಿ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಅದು ಬೇರೆ ವಿಷಯ. ನೋಡಬೇಕಾದ್ದು ಅಕ್ಷರದ ಅಂಚು ಚೂಪಾಗಿದೆಯಾ, ಕದಡಿದೆಯಾ ಅನ್ನುವುದನ್ನು.

ಎರಡನೇ ಪರೀಕ್ಷೆಯೂ ಅಷ್ಟೇ ಸುಲಭ. ಮಬ್ಬಾಗಿ ಕಾಣುವ ಜಾಗದ ಸ್ಕ್ರೀನ್‌ಶಾಟ್ ತೆಗೆದು, ಫೋನಿಗೋ ಇನ್ನೊಂದು ಕಂಪ್ಯೂಟರಿಗೋ ಫೈಲ್ ಆಗಿಯೇ ಕಳಿಸಿ ನೋಡಿ. ಫೋಟೋ ಆಗಿ ಕಳಿಸಿದರೆ ಮೆಸೇಜಿಂಗ್ ಆಪ್‌ಗಳು ಅದನ್ನು ಹಿಂಡಿ ತಾವೇ ಮಬ್ಬು ಮಾಡುತ್ತವೆ. ಸ್ಕ್ರೀನ್‌ಶಾಟ್ ಅನ್ನುವುದು ಕಂಪ್ಯೂಟರ್‌ನ ಮೆಮೊರಿಯಿಂದ ಎತ್ತಿಕೊಂಡ ಪ್ರತಿ. ಕೇಬಲ್‌ಗೆ ಇಳಿಯುವ ಮೊದಲು ಚಿತ್ರ ಹೇಗಿತ್ತೋ ಹಾಗೇ ಇರುತ್ತದೆ. ಅದರಲ್ಲೂ ಮಬ್ಬಿದ್ದರೆ ತಪ್ಪು ಸಾಫ್ಟ್‌ವೇರ್‌ನದು. ಅದರಲ್ಲಿ ಸರಿಯಾಗಿದ್ದು ಪರದೆಯ ಮೇಲೆ ಮಾತ್ರ ಕೆಟ್ಟಿದ್ದರೆ, ಕಂಪ್ಯೂಟರ್ ಚಿತ್ರ ಬರೆದ ಮೇಲೆ, ಅಂದರೆ ಹೊರಗೆ ಕಳಿಸುವಾಗಲೋ ಮಾನಿಟರ್ ಒಳಗೋ ಏನೋ ಆಗಿದೆ. ರಾತ್ರಿ ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಮಾತ್ರ ಇದಕ್ಕೆ ಹೊರತು. ಅದು ಸಾಫ್ಟ್‌ವೇರ್‌ನದೇ ಕೆಲಸವಾದರೂ ಸ್ಕ್ರೀನ್‌ಶಾಟ್‌ನಲ್ಲಿ ಬರುವುದಿಲ್ಲ.

ಈ ಎರಡು ಪರೀಕ್ಷೆ ಆದರೆ ಅರ್ಧ ಕೆಲಸ ಮುಗಿದ ಹಾಗೆ. ಚಿತ್ರ ಮೂರು ಕೈ ದಾಟಿ ಬರುತ್ತದೆ. ಕಂಪ್ಯೂಟರ್ ಬರೆಯುತ್ತದೆ, ಕೇಬಲ್ ಹೊತ್ತು ತರುತ್ತದೆ, ಮಾನಿಟರ್ ತೋರಿಸುತ್ತದೆ. ಕಂಪ್ಯೂಟರ್ ಬರೆದ ಪ್ರತಿ ಚುಕ್ಕಿಯೂ ಪರದೆಯ ಒಂದೊಂದೇ ಚುಕ್ಕಿಗೆ, ದಾರಿಯಲ್ಲಿ ಯಾರೂ ತಿದ್ದದೆ ಬಂದು ಕೂರಬೇಕು. ನಾನು ಕಂಡ ಮಟ್ಟಿಗೆ ಹೊಸ ಮಾನಿಟರ್ ಚೆನ್ನಾಗಿಲ್ಲ ಅನ್ನುವ ದೂರುಗಳಲ್ಲಿ ಜಾಸ್ತಿ ಪಾಲು ಇಲ್ಲೇ ಹುಟ್ಟುವುದು. ಪರದೆ ನಿಜವಾಗಿ ಕೆಟ್ಟಿರುವುದು ಅಪರೂಪ. ಮಧ್ಯದಲ್ಲಿ ಯಾರೋ ಕೈ ಹಾಕಿರುತ್ತಾರೆ.

ಚುಕ್ಕಿಗೆ ಚುಕ್ಕಿ ಕೂರಬೇಕು

ಹಿಂದೆ ಇದ್ದ ದಪ್ಪ ಗಾಜಿನ ಮಾನಿಟರ್‌ಗಳಲ್ಲಿ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಗೆರೆ ಎಳೆದು ಚಿತ್ರ ಮಾಡುತ್ತಿತ್ತು. ಗೆರೆ ಹತ್ತಿರ ಹತ್ತಿರ ಎಳೆದರೂ ಸರಿ, ದೂರ ದೂರ ಎಳೆದರೂ ಸರಿ, ಬೇರೆ ಬೇರೆ ರೆಸಲ್ಯೂಷನ್‌ಗೆ, ಅಂದರೆ ಚಿತ್ರದಲ್ಲಿ ಅಡ್ಡಕ್ಕೆ ಎಷ್ಟು ಚುಕ್ಕಿ, ಉದ್ದಕ್ಕೆ ಎಷ್ಟು ಚುಕ್ಕಿ ಅನ್ನುವ ಲೆಕ್ಕಕ್ಕೆ, ಅದು ಸುಲಭವಾಗಿ ಒಗ್ಗಿಕೊಳ್ಳುತ್ತಿತ್ತು. ಈಗಿನ ಚಪ್ಪಟೆ ಎಲ್‌ಸಿಡಿ ಪರದೆ ಹಾಗಲ್ಲ. ಅದರ ಚುಕ್ಕಿಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿರುತ್ತಾರೆ. 1920 × 1080 ಪರದೆ ಅಂದರೆ 20,73,600 ಪಿಕ್ಸೆಲ್. ಒಂದು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ. 24 ಇಂಚಿನ ಪರದೆಯಲ್ಲಿ ಇಂಥ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.28 ಮಿಲಿಮೀಟರ್. ಪ್ರತಿಯೊಂದರ ಒಳಗೂ ಕೆಂಪು, ಹಸಿರು, ನೀಲಿ ಅಂತ ಮೂರು ಪಟ್ಟಿಗಳಿರುತ್ತವೆ.

ಈಗ ಕಂಪ್ಯೂಟರ್ 1366 × 768 ಚಿತ್ರ ಕಳಿಸಿತು ಅಂತಿಟ್ಟುಕೊಳ್ಳಿ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಇದು ತುಂಬ ಸಾಮಾನ್ಯ. ಅದನ್ನು 1920 ಪಿಕ್ಸೆಲ್ ಅಗಲಕ್ಕೆ ಹಿಗ್ಗಿಸಬೇಕು. ಅಂದರೆ ಬಂದ ಒಂದೊಂದು ಚುಕ್ಕಿಯನ್ನೂ ಸುಮಾರು 1.4 ಪಿಕ್ಸೆಲ್ ಮೇಲೆ ಹರಡಬೇಕು. ಆದರೆ ಒಂದು ಪಿಕ್ಸೆಲ್‌ನ ಅರ್ಧಕ್ಕೆ ಮಾತ್ರ ಕಪ್ಪು ಹಚ್ಚಲು ಆಗುವುದಿಲ್ಲ ಅಲ್ವಾ? ಹಾಗಾಗಿ ಮಾನಿಟರ್ ಒಂದು ಪಿಕ್ಸೆಲನ್ನು ಪೂರ್ತಿ ಕಪ್ಪು ಮಾಡಿ, ಪಕ್ಕದ್ದಕ್ಕೆ ಬೂದಿ ಬಳಿಯುತ್ತದೆ. ಕಡ್ಡಿಯಂಥ ತೆಳು ಗೆರೆಯ ಪಕ್ಕದಲ್ಲಿ ಒಂದು ಬೂದಿ ನೆರಳು ಹುಟ್ಟುತ್ತದೆ. ಕನ್ನಡ ಪುಟದಲ್ಲಿ ಇದರ ಏಟು ಮೊದಲು ಬೀಳುವುದು ಒತ್ತಕ್ಷರಗಳಿಗೆ. ‘ಷ್ಟ’ದ ಕೆಳಗಿನ ಟ ಒತ್ತಿಗೆ ಸಿಗುವುದೇ ನಾಲ್ಕೈದು ಪಿಕ್ಸೆಲ್ ಎತ್ತರ. ಅದರಲ್ಲೇ ತಿರುವು, ಅದರಲ್ಲೇ ಸುಳಿ. ಅಕ್ಕಪಕ್ಕದಲ್ಲೆಲ್ಲ ಬೂದಿ ತುಂಬಿಕೊಂಡರೆ ಒತ್ತು ಒಂದು ಮಸಿ ಚುಕ್ಕಿಯಾಗಿ ಉಳಿಯುತ್ತದೆ. ಓದುವಾಗ ಕಣ್ಣು ಸೋಲುವುದು ಇದಕ್ಕೇ.

ಮುಖ ಊದಿಕೊಳ್ಳುವುದಕ್ಕೂ ಮೂಲ ಇದೇ. 1024 × 768 ಚಿತ್ರದ ಆಕಾರ 4:3. ಅದನ್ನು 16:9 ಪರದೆಗೆ ಎಳೆದು ಕೂರಿಸಿದರೆ ಅಗಲ ಮೂರನೇ ಒಂದು ಭಾಗ ಜಾಸ್ತಿಯಾಗುತ್ತದೆ. ಗುಂಡಗಿರುವುದು ಅಡ್ಡ ಮಲಗಿದ ಮೊಟ್ಟೆಯಾಗುತ್ತದೆ.

ಪರಿಹಾರ: ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ರೆಸಲ್ಯೂಷನ್ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಅಂತ ಬರೆದಿರುವುದನ್ನು ಆರಿಸಿ. ಅದು ಮಾನಿಟರ್ ಡಬ್ಬದ ಮೇಲಿರುವ ಸಂಖ್ಯೆಗೆ ಹೊಂದಬೇಕು. ಹೊಂದಿದರೆ ಅರ್ಧಕ್ಕರ್ಧ ತೊಂದರೆಗಳು ಆ ಕ್ಷಣವೇ ಹೋಗುತ್ತವೆ.

ಅಕ್ಷರ ತುಂಬ ಚಿಕ್ಕದಾಗಿ ಕಾಣುತ್ತದೆ ಅಂತ ಬೇಕೆಂದೇ ರೆಸಲ್ಯೂಷನ್ ಇಳಿಸುವವರು ತುಂಬ ಜನ. ದಯವಿಟ್ಟು ಹಾಗೆ ಮಾಡಬೇಡಿ. ಅದೇ ಪುಟದಲ್ಲಿ ‘ಸ್ಕೇಲ್’ ಅಂತ ಇನ್ನೊಂದು ಆಯ್ಕೆ ಇದೆ. ಅದನ್ನು 125% ಅಥವಾ 150% ಮಾಡಿ. ರೆಸಲ್ಯೂಷನ್ ಇಳಿಸಿದರೆ ಕಡಿಮೆ ಚುಕ್ಕಿಯಲ್ಲಿ ಬರೆದ ಅಕ್ಷರವನ್ನು ಎಳೆದು ದೊಡ್ಡದು ಮಾಡಿದ ಹಾಗಾಗುತ್ತದೆ. ಸ್ಕೇಲ್ ಏರಿಸಿದರೆ ಅದೇ ಅಕ್ಷರವನ್ನು ಜಾಸ್ತಿ ಚುಕ್ಕಿ ಬಳಸಿ ಹೊಸದಾಗಿ ಬರೆಯುತ್ತದೆ. ಗಾತ್ರ ಎರಡರಲ್ಲೂ ಬೆಳೆಯುತ್ತದೆ, ಆದರೆ ಮೊದಲನೆಯದರಲ್ಲಿ ಮಬ್ಬು, ಎರಡನೆಯದರಲ್ಲಿ ಇನ್ನಷ್ಟು ಸ್ಪಷ್ಟ. ಸ್ಕೇಲ್ ಬದಲಿಸಿದ ಮೇಲೆ ಒಂದು ಸಲ ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಆಮೇಲೂ ಯಾವುದೋ ಒಂದೇ ಹಳೆ ಪ್ರೋಗ್ರಾಂ ಮಬ್ಬಾಗಿದ್ದರೆ, ಅದಕ್ಕೆ ಸ್ಕೇಲ್‌ನ ಲೆಕ್ಕ ಗೊತ್ತಿಲ್ಲ ಅಂತ ಅರ್ಥ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋಗಿ, ಹೈ ಡಿಪಿಐ ಸೆಟ್ಟಿಂಗ್ ಬದಲಿಸಿ ನೋಡಬಹುದು.

ಪಟ್ಟಿಯಲ್ಲಿ ಸರಿಯಾದ ಸಂಖ್ಯೆಯೇ ಇಲ್ಲದಿದ್ದರೆ?

ಮಾನಿಟರ್ ಜೋಡಿಸಿದ ಕೂಡಲೇ ಅದು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ನಾನು ಇಂಥ ಮಾಡೆಲ್, ನನ್ನ ಪಿಕ್ಸೆಲ್ ಇಷ್ಟು, ಸೆಕೆಂಡಿಗೆ ಇಷ್ಟು ಸಲ ಚಿತ್ರ ಬದಲಿಸಬಲ್ಲೆ ಅಂತ. ಈ ಮಾಹಿತಿಗೆ ಇಡಿಐಡಿ ಅನ್ನುತ್ತಾರೆ. ಅದರ ಮೂಲ ಭಾಗ ಬರೀ 128 ಬೈಟ್. ಕೇಬಲ್‌ನಲ್ಲಿ ಒಂದು ಪಿನ್ ಬಾಗಿದ್ದರೂ, ನಡುವೆ ಹಳೆಯ ಕನ್ವರ್ಟರ್ ಇದ್ದರೂ ಈ ಪರಿಚಯ ಕಂಪ್ಯೂಟರಿಗೆ ತಲುಪದೇ ಹೋಗಬಹುದು. ಆಗ ಕಂಪ್ಯೂಟರ್ ಯಾವುದೋ ಚಿಕ್ಕ ರೆಸಲ್ಯೂಷನ್‌ಗೆ ಇಳಿದುಬಿಡುತ್ತದೆ. ಕೇಬಲನ್ನು ಎರಡೂ ಕಡೆ ಬಿಚ್ಚಿ, ಪಿನ್ ನೋಡಿ, ಗಟ್ಟಿಯಾಗಿ ಕೂರಿಸಿ.

ಇನ್ನೊಂದು ಕಾರಣ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇದ್ದರೆ, ಗ್ರಾಫಿಕ್ಸ್ ಕಾರ್ಡಿನ ನಿಜವಾದ ಡ್ರೈವರ್ ಇನ್ನೂ ಹಾಕಿಲ್ಲ ಅಂತ. ಕಾರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಹಾಕಿಕೊಳ್ಳಿ.

ಮೂರನೆಯದು ಪೋರ್ಟಿನ, ಅಂದರೆ ಕೇಬಲ್ ಚುಚ್ಚುವ ಕಿಂಡಿಯ ಸಾಮರ್ಥ್ಯ. ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಅನ್ನುವುದು ಇಂಥ ಡಿಜಿಟಲ್ ಕಿಂಡಿಗಳ ಬಗೆ. ಎಚ್‌ಡಿಎಂಐ 1.4 ಪೋರ್ಟಿನಿಂದ 3840 × 2160 ಚಿತ್ರ ಕಳಿಸಬಹುದು, ಆದರೆ ಸೆಕೆಂಡಿಗೆ 30 ಸಲ ಮಾತ್ರ. ಮೌಸ್ ಎಳೆದರೆ ತಡವರಿಸುವುದು ಕಣ್ಣಿಗೇ ಕಾಣುತ್ತದೆ. 60 ಸಲ ಬೇಕಾದರೆ 2013ರಲ್ಲಿ ಬಂದ ಎಚ್‌ಡಿಎಂಐ 2.0 ಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ 1.2. ಮಾನಿಟರ್ ಹೊಸದಾದರೆ ಸಾಲದು, ಕಂಪ್ಯೂಟರ್ ಕಡೆಯ ಪೋರ್ಟೂ ಅದಕ್ಕೆ ಸರಿಸಮ ಇರಬೇಕು.

ಕೇಬಲ್ ಮಾಡುವ ತಪ್ಪು, ಮಾಡದ ತಪ್ಪು

ನೀಲಿ ತಲೆಯ, 15 ಪಿನ್ನಿನ ವಿಜಿಎ ಕೇಬಲ್ ಇನ್ನೂ ಎಷ್ಟೋ ಮೇಜುಗಳ ಹಿಂದೆ ನೇತಾಡುತ್ತಿದೆ. 1987ರಲ್ಲಿ ಐಬಿಎಂ ತಂದ ವಿಜಿಎಯ ರೆಸಲ್ಯೂಷನ್ 640 × 480. ಇವತ್ತಿನ ಅಗಲ ಪರದೆಗೆ ಅದನ್ನು ಜೋಡಿಸಿದಾಗ ಏನಾಗುತ್ತದೆ ನೋಡಿ. ಕಂಪ್ಯೂಟರ್ ತನ್ನ ಬಳಿಯ ಅಂಕಿಗಳನ್ನು ವೋಲ್ಟೇಜ್ ಮಾಡಿ ತಂತಿಗೆ ಬಿಡುತ್ತದೆ. ಮಾನಿಟರ್ ಆ ವೋಲ್ಟೇಜನ್ನು ಅಳೆದು ಮತ್ತೆ ಅಂಕಿ ಮಾಡಿಕೊಳ್ಳುತ್ತದೆ. 1920 × 1080 ಚಿತ್ರ ಸೆಕೆಂಡಿಗೆ 60 ಸಲ ಬರುವಾಗ ಒಂದೊಂದು ಪಿಕ್ಸೆಲ್‌ಗೆ ಸಿಗುವ ಸಮಯ ಸುಮಾರು 7 ನ್ಯಾನೋಸೆಕೆಂಡ್. ಮಾನಿಟರ್ ಸರಿಯಾಗಿ ಆ ನಡುವಿನಲ್ಲಿ ಅಳೆಯಬೇಕು. ಸ್ವಲ್ಪ ಆಚೀಚೆ ಆದರೆ ಎರಡು ಪಿಕ್ಸೆಲ್‌ಗಳ ಗಡಿಯನ್ನು ಅಳೆದಂತಾಗಿ, ಅಕ್ಷರಗಳ ಅಂಚು ಹೊಯ್ದಾಡುತ್ತದೆ. ಅಳೆಯುವ ವೇಗವೇ ತಪ್ಪಿದ್ದರೆ ಪರದೆಯ ಉದ್ದಕ್ಕೂ ಸ್ಪಷ್ಟ, ಮಬ್ಬು, ಸ್ಪಷ್ಟ, ಮಬ್ಬು ಅಂತ ಲಂಬ ಪಟ್ಟೆಗಳು ಬೀಳುತ್ತವೆ.

ಮಾನಿಟರ್ ಮೇಲೆ ‘ಆಟೋ’ ಅಂತ ಗುಂಡಿ ಇರುವುದು ಇದನ್ನು ಸರಿಮಾಡಲಿಕ್ಕೇ. ಆದರೆ ಒತ್ತುವ ಮುಂಚೆ ಪರದೆ ತುಂಬ ಅಕ್ಷರ ಇರುವ ಬಿಳಿ ಪುಟ ತೆರೆದಿಡಿ. ಕತ್ತಲೆಯ ವಾಲ್‌ಪೇಪರ್ ಇದ್ದರೆ ಚಿತ್ರದ ಅಂಚು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಮಾನಿಟರ್‌ಗೆ ಗೊತ್ತಾಗದೆ ತಪ್ಪು ಲೆಕ್ಕ ಹಾಕುತ್ತದೆ. ಆಟೋ ಒತ್ತಿದ ಮೇಲೆ ಸುಧಾರಿಸಿತು ಅಂದರೆ ಸಂತೋಷ. ಆದರೂ ಎರಡೂ ಕಡೆ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಅಥವಾ ಡಿವಿಐ ಇದ್ದರೆ ವಿಜಿಎಯನ್ನು ಬಿಟ್ಟುಬಿಡಿ ಅನ್ನುವುದೇ ನನ್ನ ಸಲಹೆ.

ಡಿಜಿಟಲ್ ಕೇಬಲ್‌ಗಳ ವಿಷಯ ಪೂರ್ತಿ ಬೇರೆ. ಅವುಗಳಲ್ಲಿ ಹೋಗುವುದು ಅಂಕಿಗಳೇ. ಕೇಬಲ್ ಕೆಟ್ಟರೆ ಅಲ್ಲಲ್ಲಿ ಮಿಣುಕು ಚುಕ್ಕಿ ಹಾರುತ್ತವೆ, ಪರದೆ ಒಂದೆರಡು ಸೆಕೆಂಡ್ ಕಪ್ಪಾಗಿ ವಾಪಸ್ ಬರುತ್ತದೆ, ಅಥವಾ ಚಿತ್ರವೇ ಬರುವುದಿಲ್ಲ. ಅಕ್ಷರ ಮೆಲ್ಲಗೆ ಮಬ್ಬಾಗುವುದು ಮಾತ್ರ ಡಿಜಿಟಲ್ ಕೇಬಲ್‌ನಿಂದ ಆಗುವ ಕೆಲಸವಲ್ಲ. ಹಾಗಾಗಿ ಅಕ್ಷರ ಚೂಪಾಗಲಿ ಅಂತ ಚಿನ್ನದ ಲೇಪದ ದುಬಾರಿ ಕೇಬಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಮಾನಿಟರನ್ನು ಟಿವಿ ಅಂದುಕೊಂಡಾಗ

ಎಚ್‌ಡಿಎಂಐ ಹುಟ್ಟಿದ್ದು ಟಿವಿಗಳಿಗೆ. ಆ ಹುಟ್ಟುಗುಣ ಇನ್ನೂ ಪೂರ್ತಿ ಬಿಟ್ಟಿಲ್ಲ. ನನ್ನ ಮಾನಿಟರ್ ಬಂದ ಮೊದಲ ದಿನ ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿ ಹೋಗಿತ್ತು, ಮೂಲೆಯ ಗಡಿಯಾರ ಕಾಣುತ್ತಿರಲಿಲ್ಲ, ಅಕ್ಷರಗಳೂ ಕದಡಿದ್ದವು. ರೆಸಲ್ಯೂಷನ್ ನೋಡಿದರೆ ಸರಿಯಾಗಿ 1920 × 1080 ಇತ್ತು. ಎರಡು ದಿನ ಡ್ರೈವರ್ ತೆಗೆದು ಹಾಕಿ ಮಾಡಿದ ಮೇಲೆ, ಮಾನಿಟರ್‌ನ ಮೆನುವಿನ ಮೂಲೆಯಲ್ಲಿ ‘ಓವರ್‌ಸ್ಕ್ಯಾನ್’ ಅನ್ನುವ ಸಾಲು ಕಣ್ಣಿಗೆ ಬಿತ್ತು. ಅದು ಆನ್ ಇತ್ತು. ಆಫ್ ಮಾಡಿದ ತಕ್ಷಣ ಇಡೀ ಡೆಸ್ಕ್‌ಟಾಪ್ ಒಳಗೆ ಸರಿದು ನಿಂತಿತು. ಅಕ್ಷರಗಳು ಕಡೆದಿಟ್ಟ ಹಾಗೆ ಎದ್ದು ಬಂದವು.

ಹಳೆಯ ಟಿವಿಗಳಲ್ಲಿ ಚಿತ್ರದ ಅಂಚು ನೇರವಾಗಿ ಇರುತ್ತಿರಲಿಲ್ಲ. ಅದನ್ನು ಮುಚ್ಚಲು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ತಳ್ಳುತ್ತಿದ್ದರು. ಅದೇ ಓವರ್‌ಸ್ಕ್ಯಾನ್. ಕಂಪ್ಯೂಟರ್ ಮಾನಿಟರ್‌ಗೆ ಅದರ ಅಗತ್ಯವೇ ಇಲ್ಲ. ಆದರೂ ಎಚ್‌ಡಿಎಂಐನಲ್ಲಿ 1080 ಚಿತ್ರ ಬಂದರೆ ಇದು ಟಿವಿಯ ಚಿತ್ರವೇ ಇರಬೇಕು ಅಂತ ಕೆಲವು ಮಾನಿಟರ್‌ಗಳು ಹಿಗ್ಗಿಸಿಬಿಡುತ್ತವೆ. ಮೆನುವಿನಲ್ಲಿ ಇದನ್ನು ಸರಿಮಾಡುವ ಸಾಲಿಗೆ ಹೆಸರು ಹಲವು: ಓವರ್‌ಸ್ಕ್ಯಾನ್ ಅಂತ ಇದ್ದರೆ ಆಫ್ ಮಾಡಿ; ಜಸ್ಟ್ ಸ್ಕ್ಯಾನ್, 1:1, ಇನ್‌ಪುಟ್ ಟೈಪ್ ಪಿಸಿ ಅಂತ ಇದ್ದರೆ ಅದನ್ನು ಆರಿಸಿ. ಉಲ್ಟಾ ತೊಂದರೆಯೂ ಉಂಟು. ಗ್ರಾಫಿಕ್ಸ್ ಡ್ರೈವರ್ ತಾನೇ ಚಿತ್ರವನ್ನು ಕುಗ್ಗಿಸಿ ಕಳಿಸಿದರೆ ಸುತ್ತ ಕಪ್ಪು ಅಂಚು ಉಳಿಯುತ್ತದೆ. ಆಗ ಡ್ರೈವರ್‌ನ ಸೆಟ್ಟಿಂಗ್‌ನಲ್ಲಿ ಸ್ಕೇಲಿಂಗ್ ಸೊನ್ನೆಗೆ ತನ್ನಿ (ಮೊದಲು ಹೇಳಿದ ವಿಂಡೋಸ್‌ನ ‘ಸ್ಕೇಲ್’ ಬೇರೆ).

ಕಪ್ಪು ಬೂದಿಯಾಗಿ, ಬಿಳಿ ಮಂಕಾಗಿ ಕಾಣುವುದೂ ಟಿವಿಯ ಬಳುವಳಿಯೇ. ಕಂಪ್ಯೂಟರ್‌ನಲ್ಲಿ ಬಣ್ಣದ ಅಂಕಿ 0ಯಿಂದ 255ರವರೆಗೆ. 0 ಅಂದರೆ ಕಪ್ಪು, 255 ಅಂದರೆ ಬಿಳಿ. ಟಿವಿ ಲೆಕ್ಕದಲ್ಲಿ ಕಪ್ಪು 16ರಲ್ಲಿ ಶುರು, ಬಿಳಿ 235ಕ್ಕೆ ಮುಗಿಯುತ್ತದೆ. ಕಂಪ್ಯೂಟರ್ ಎದುರಿಗಿರುವುದು ಟಿವಿ ಅಂದುಕೊಂಡು ಕಪ್ಪಿಗೆ 16 ಕಳಿಸುತ್ತದೆ. ಮಾನಿಟರ್ ಅದನ್ನು ಹದಿನಾರನೇ ಮೆಟ್ಟಿಲಿನ ಬೂದಿ ಅಂತ ತೋರಿಸುತ್ತದೆ. ಇಡೀ ಪರದೆಯ ಮೇಲೆ ತೆಳು ಮಂಜು ಕವಿದ ಹಾಗೆ. ಇದನ್ನು ಕಾಂಟ್ರಾಸ್ಟ್ ತಿರುಗಿಸಿ ಸರಿಮಾಡಲು ಹೋಗಬೇಡಿ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾ ಕಂಪನಿಯದಾದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ‘ಫುಲ್’ ಮಾಡಿ. ಎಎಂಡಿಯಲ್ಲಿ ಪಿಕ್ಸೆಲ್ ಫಾರ್ಮ್ಯಾಟ್ ‘ಆರ್‌ಜಿಬಿ 4:4:4 ಫುಲ್’ ಆರಿಸಿ. ಮಾನಿಟರ್‌ನ ಮೆನುವಿನಲ್ಲೂ ಬ್ಲ್ಯಾಕ್ ಲೆವೆಲ್ ಅಥವಾ ಆರ್‌ಜಿಬಿ ರೇಂಜ್ ಅಂತ ಇದ್ದರೆ ಅದು ಕಂಪ್ಯೂಟರ್ ಕಡೆಯ ಆಯ್ಕೆಗೆ ಹೊಂದಬೇಕು. ಕಂಪ್ಯೂಟರ್ ಫುಲ್, ಮಾನಿಟರ್ ಲಿಮಿಟೆಡ್ ಆದರೆ ಕತ್ತಲೆಯ ದೃಶ್ಯಗಳಲ್ಲಿ ವಿವರವೆಲ್ಲ ಮಸಿಯಲ್ಲಿ ಮುಳುಗುತ್ತದೆ.

ಇನ್ನೊಂದಿದೆ, ಇದನ್ನು ಹಿಡಿಯುವುದು ಸ್ವಲ್ಪ ಕಷ್ಟ. ಬಿಳಿ ಮೇಲಿನ ಕಪ್ಪು ಅಕ್ಷರ ಚೆನ್ನಾಗಿರುತ್ತದೆ, ಆದರೆ ನೀಲಿ ಮೇಲೆ ಕೆಂಪು ಅಕ್ಷರ ಇದ್ದರೆ ಬಣ್ಣ ಸೋರಿದ ಹಾಗಿರುತ್ತದೆ. ವಿಡಿಯೋಗಳಲ್ಲಿ ಜಾಗ ಉಳಿಸಲು ಬೆಳಕಿನ ವಿವರವನ್ನು ಪ್ರತಿ ಪಿಕ್ಸೆಲ್‌ಗೂ, ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲ್‌ಗೆ ಒಂದು ಸಲವೂ ಇಡುವ ಪದ್ಧತಿ ಇದೆ. ಅದರ ಹೆಸರು 4:2:0. ಸಿನಿಮಾದಲ್ಲಿ ಇದು ಕಣ್ಣಿಗೆ ಗೊತ್ತಾಗುವುದಿಲ್ಲ. ಅಕ್ಷರದಲ್ಲಿ ಗೊತ್ತಾಗುತ್ತದೆ. ಪೋರ್ಟಿನ ಸಾಮರ್ಥ್ಯ ಸಾಲದಿದ್ದಾಗ ಕಂಪ್ಯೂಟರ್ ಈ ಪದ್ಧತಿಗೆ ಇಳಿದಿರಬಹುದು. ಮೇಲೆ ಹೇಳಿದ ಆರ್‌ಜಿಬಿ ಆಯ್ಕೆಯೇ ಇದಕ್ಕೂ ಮದ್ದು.

ಶಾರ್ಪ್‌ನೆಸ್ ಬಗ್ಗೆಯೂ ಒಂದು ಮಾತು. ಹೆಸರು ನೋಡಿ ಅದನ್ನು ಪೂರ್ತಿ ಏರಿಸಿದರೆ ಅಕ್ಷರದ ಸುತ್ತ ಬಿಳಿ ಪ್ರಭೆ ಬೀಳುತ್ತದೆ. ತೀರಾ ಇಳಿಸಿದರೆ ಮಬ್ಬಾಗುತ್ತದೆ. ಮಾನಿಟರ್ ಚಿತ್ರವನ್ನು ಮುಟ್ಟದೆ ಹಾಗೇ ಬಿಡುವ ಅಂಕಿ ಒಂದೇ ಇರುತ್ತದೆ, ಅದು ಒಂದೊಂದು ಮಾಡೆಲ್‌ಗೆ ಒಂದೊಂದು. ಬಿಳಿ ಪ್ರಭೆ ಹೋಗುವವರೆಗೆ ಇಳಿಸುತ್ತಾ ಬನ್ನಿ, ಮಬ್ಬು ಶುರುವಾಗುವ ಮುಂಚೆ ನಿಲ್ಲಿಸಿ. ಇಷ್ಟೆಲ್ಲ ಆದ ಮೇಲೂ ವಿಂಡೋಸ್‌ನ ಅಕ್ಷರಗಳ ಅಂಚಿನಲ್ಲಿ ಕೆಂಪು, ನೀಲಿ ಛಾಯೆ ಕಂಡರೆ ಕ್ಲಿಯರ್‌ಟೈಪ್ ಹೊಂದಿಸಬೇಕು. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹುಡುಕಿದರೆ ಸಿಗುತ್ತದೆ. ಅದು ಅಕ್ಷರದ ಅಂಚು ನಯ ಮಾಡಲು ಪಿಕ್ಸೆಲ್ ಒಳಗಿನ ಮೂರು ಪಟ್ಟಿಗಳನ್ನು ಬೇರೆ ಬೇರೆಯಾಗಿ ಬಳಸುತ್ತದೆ. ಪಟ್ಟಿಗಳ ಕ್ರಮ ಅದು ಅಂದುಕೊಂಡಂತೆ ಇಲ್ಲದಿದ್ದರೆ, ಅಥವಾ ಮಾನಿಟರನ್ನು ಉದ್ದಕ್ಕೆ ತಿರುಗಿಸಿ ನಿಲ್ಲಿಸಿದ್ದರೆ, ಛಾಯೆ ಹೊರಗೆ ಇಣುಕುತ್ತದೆ.

ಬಣ್ಣ, ಬೆಳಕು, ಚಲನೆ

ಪರದೆ ಕಣ್ಣು ಕುಕ್ಕುತ್ತಿದೆಯಾ? ಒಂದು ಬಿಳಿ ಹಾಳೆಯನ್ನು ಮಾನಿಟರ್ ಪಕ್ಕ ಹಿಡಿದು, ಪರದೆಯಲ್ಲೂ ಬಿಳಿ ಪುಟ ತೆರೆಯಿರಿ. ಪರದೆ ದೀಪದ ಹಾಗೆ ಉರಿಯುತ್ತಿದ್ದರೆ, ಎರಡೂ ಹೆಚ್ಚುಕಡಿಮೆ ಒಂದೇ ಬೆಳಕಿಗೆ ಬರುವವರೆಗೆ ಬ್ರೈಟ್‌ನೆಸ್ ಇಳಿಸಿ. ಬಣ್ಣಕ್ಕೆ ‘ವಿವಿಡ್’, ‘ಗೇಮ್’, ‘ಮೂವಿ’ ಬಿಟ್ಟು ‘ಸ್ಟ್ಯಾಂಡರ್ಡ್’ ಅಥವಾ ‘ಎಸ್‌ಆರ್‌ಜಿಬಿ’ ಆರಿಸಿ. ಕಲರ್ ಟೆಂಪರೇಚರ್ ಕೇಳಿದರೆ 6500. ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಇರಲಿ, ಅದು ಆನ್ ಇದ್ದರೆ ಪುಟ ಬದಲಾದಾಗಲೆಲ್ಲ ಬೆಳಕು ತಾನೇ ಏರಿಳಿಯುತ್ತದೆ. ಕಡಿಮೆ ಬೆಳಕಿನ ಮಾನಿಟರ್‌ಗಳಲ್ಲಿ ವಿಂಡೋಸ್‌ನ ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ವ್ಯವಸ್ಥೆ) ಆನ್ ಮಾಡಿದರೆ ಮಾಮೂಲಿ ಡೆಸ್ಕ್‌ಟಾಪ್ ಸಪ್ಪೆಯಾಗುತ್ತದೆ. ಅದನ್ನೂ ನೋಡಿಕೊಳ್ಳಿ.

144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಮಾನಿಟರ್ ತಂದರೂ ವಿಂಡೋಸ್ 60ರಲ್ಲೇ ಓಡಿಸುತ್ತಿರಬಹುದು. ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಬದಲಿಸಿ. ಓಡುವ ವಸ್ತುಗಳ ಹಿಂದೆ ಬಾಲ ಕಂಡರೆ ಮಾನಿಟರ್‌ನ ಓವರ್‌ಡ್ರೈವ್ ಅಥವಾ ರೆಸ್ಪಾನ್ಸ್ ಟೈಮ್ ಒಂದು ಹಂತ ಏರಿಸಿ. ಬಾಲದ ಬದಲು ಬೆಳ್ಳಗಿನ ನೆರಳು ಬಂತು ಅಂದರೆ ಜಾಸ್ತಿ ಆಯಿತು, ಒಂದು ಹಂತ ಇಳಿಸಿ. ಇನ್ನು 3440 × 1440ರ ತುಂಬ ಅಗಲದ ಪರದೆಯಲ್ಲಿ 16:9 ವಿಡಿಯೋ ಹಾಕಿದಾಗ ಎಡಬಲದಲ್ಲಿ 440 ಪಿಕ್ಸೆಲ್‌ನಷ್ಟು ಕಪ್ಪು ಪಟ್ಟಿ ಬರುವುದು ದೋಷವಲ್ಲ. ಎಳೆದು ತುಂಬಿಸಿದರೆ ಮತ್ತೆ ಮುಖ ಊದಿಕೊಳ್ಳುತ್ತದೆ.

ಪರದೆಯೇ ಕೆಟ್ಟಿದ್ದರೆ

ಕೋಣೆ ಕತ್ತಲೆ ಮಾಡಿ, ಪರದೆ ತುಂಬ ಕಪ್ಪು ಚಿತ್ರ ಹಾಕಿ. ಮೂಲೆಗಳಲ್ಲಿ ಬೆಳಕು ಕಂಡರೆ ತಲೆಯನ್ನು ಆಚೀಚೆ ಸರಿಸಿ ನೋಡಿ. ನೀವು ಸರಿದಂತೆ ಬೆಳಕೂ ಬದಲಾದರೆ ಅದು ಐಪಿಎಸ್ ಅನ್ನುವ ಬಗೆಯ ಎಲ್‌ಸಿಡಿ ಪರದೆಗಳ ಹುಟ್ಟುಗುಣ, ಸ್ವಲ್ಪ ದೂರ ಕೂತರೆ ಕಡಿಮೆಯಾಗುತ್ತದೆ. ಎಲ್ಲಿಂದ ನೋಡಿದರೂ ಒಂದೇ ಜಾಗದಲ್ಲಿ ಅಂಟಿಕೊಂಡಿದ್ದರೆ ಹಿಂದಿನ ಬೆಳಕು ಅಂಚಿನಿಂದ ಸೋರುತ್ತಿದೆ. ಫೋನ್ ಕ್ಯಾಮೆರಾ ಇದನ್ನು ಇದ್ದದ್ದಕ್ಕಿಂತ ಭೀಕರವಾಗಿ ತೋರಿಸುತ್ತದೆ, ಕಣ್ಣನ್ನೇ ನಂಬಿ. ಮೇಲಿನಿಂದ, ಕೆಳಗಿನಿಂದ ನೋಡಿದಾಗ ಬಣ್ಣವೇ ತಿರುಗಿದರೆ ಅದು ಟಿಎನ್ ಅನ್ನುವ ಇನ್ನೊಂದು ಬಗೆಯ ಪರದೆ ಇರಬಹುದು. ಅದಕ್ಕೆ ಮಾನಿಟರನ್ನು ಕಣ್ಣಿನ ಮಟ್ಟಕ್ಕೆ ನೇರ ಮಾಡುವುದೊಂದೇ ದಾರಿ.

ಆಮೇಲೆ ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ತುಂಬಿಸಿ ನೋಡಿ. ಎಲ್ಲ ಬಣ್ಣದಲ್ಲೂ ಕಪ್ಪಾಗಿಯೇ ಉಳಿಯುವ ಚುಕ್ಕಿ ಸತ್ತ ಪಿಕ್ಸೆಲ್. ಕಪ್ಪಿನ ಮೇಲೂ ಒಂದೇ ಬಣ್ಣದಲ್ಲಿ ಉರಿಯುವುದು ಸಿಕ್ಕಿಹಾಕಿಕೊಂಡದ್ದು. ಆ ಜಾಗದಲ್ಲಿ ನೀವು ಬಣ್ಣಗಳನ್ನು ಬೇಗ ಬೇಗ ಬದಲಿಸುತ್ತಿದ್ದರೆ ಅದು ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ. ಮೊದಲು ಮೆತ್ತನೆ ಒಣ ಬಟ್ಟೆಯಲ್ಲಿ ಒರೆಸಿ, ಧೂಳಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬೆರಳಿನಿಂದ ಒತ್ತಬೇಡಿ, ಪಕ್ಕದ ಪಿಕ್ಸೆಲ್‌ಗಳೂ ಹೋಗಬಹುದು. ಇಂಥ ಚುಕ್ಕಿ ಎಷ್ಟಿದ್ದರೆ ದೋಷ ಅನ್ನುವುದಕ್ಕೆ ಐಎಸ್‌ಒ 9241-307 ಅನ್ನುವ ಮಾನದಂಡದಲ್ಲಿ ದರ್ಜೆಗಳಿವೆ. ಒಂದೂ ಇರಬಾರದು ಅನ್ನುವುದು ಸೊನ್ನೆ ದರ್ಜೆ ಮಾತ್ರ, ಉಳಿದವು ಕೆಲವನ್ನು ಒಪ್ಪುತ್ತವೆ. ಹಾಗಾಗಿ ಒಂದೇ ಒಂದು ಚುಕ್ಕಿಗೆ ವಾರಂಟಿ ಸಿಗದೇ ಹೋಗಬಹುದು. ನಿಮ್ಮ ಮಾಡೆಲ್‌ನ ವಾರಂಟಿ ಪತ್ರದಲ್ಲಿ ಆ ಸಾಲನ್ನು ಹುಡುಕಿ ಓದಿ. ವಾಪಸಾತಿಯ ಗಡುವು ಇದ್ದಾಗ ವಾರಂಟಿಗಿಂತ ಅದೇ ಸಲೀಸು.

ವಾಪಸ್ ಕಳಿಸುವ ನಿರ್ಧಾರ ಮಾಡುವ ಮುಂಚೆ ಮಾನಿಟರನ್ನು ಬೇರೊಂದು ಕಂಪ್ಯೂಟರಿಗೆ, ಬೇರೊಂದು ಕೇಬಲ್‌ನಲ್ಲಿ ಜೋಡಿಸಿ ನೋಡಿ. ಅಲ್ಲೂ ಅದೇ ಜಾಗದಲ್ಲಿ ಅದೇ ತೊಂದರೆ ಕಂಡರೆ, ಆಗ ಡಬ್ಬ ತೆಗೆಯಿರಿ.